ಸ್ಟೀರಿಂಗ್ ಜಾಯಿಂಟಿನ ಬೂಟು ಮೃಗಶಿರಕ್ಕೆ ಮೊದಲೇ ಬದಲಾಗಬೇಕು

ಸ್ಟೀರಿಂಗ್ ಜಾಯಿಂಟಿನ ಹರಿದ ರಬ್ಬರ್ ಬೂಟಿಗೆ ಇನ್ಸುಲೇಶನ್ ಟೇಪು ಸುತ್ತುವುದನ್ನು ಮೊದಲು ನಿಲ್ಲಿಸಿ ಮಾರಾಯ್ರೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಯಾವ ಅಡಿಕೆ ಮನೆಯ ಅಂಗಳಕ್ಕೆ ಹೋದರೂ ಒಂದು ಹಳೆ ಜೀಪು ನಿಂತಿರುತ್ತದೆ. ಮುಂದಿನ ಆಕ್ಸಲ್ ಕೆಳಗೆ ಬಗ್ಗಿ ನೋಡಿದರೆ ಟೈರಾಡ್ ಎಂಡಿಗೆ, ಅಂದರೆ ಚಕ್ರ ತಿರುಗಿಸುವ ಸರಳಿನ ತುದಿಯ ಜಾಯಿಂಟಿಗೆ, ಕರಿ ಟೇಪು, ಇಲ್ಲವೇ ಸೈಕಲ್ ಟ್ಯೂಬಿನ ತುಂಡು, ಅದರ ಮೇಲೊಂದು ಪ್ಲಾಸ್ಟಿಕ್ ಹಗ್ಗದ ಗಂಟು. ಈಗೀಗ ಹಳೆ ಮೆಟಡಾರ್ ಕೊಂಡು ಒಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿಕೊಂಡು ಊರೂರು ತಿರುಗುವ ಹುಡುಗರೂ ಇದ್ದಾರೆ. ಒಳಗಿನ ಮರದ ಕೆಲಸ ನೋಡಿದರೆ ಕಣ್ಣು ತುಂಬುತ್ತದೆ, ಅಡಿಯಲ್ಲಿ ಮಾತ್ರ ಬೂಟು ಹರಿದು ಜೋತಾಡುತ್ತಿರುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ನಿಮ್ಮ ಕೈಯ ಸ್ಟೀರಿಂಗಿಗೂ ಮುಂದಿನ ಚಕ್ರಕ್ಕೂ ಇರುವ ನಂಟು ಈ ಜಾಯಿಂಟುಗಳೊಳಗಿನ ನಾಲ್ಕಾರು ಗುಂಡುಗಳ ಮೇಲೆ ನಿಂತಿದೆ. ಅಷ್ಟು ನೆನಪಿದ್ದರೆ ಟೇಪಿಗೆ ಕೈ ಹೋಗುವುದಿಲ್ಲ.

ಜಾಯಿಂಟಿನೊಳಗೆ ಒಂದು ಉಕ್ಕಿನ ಗುಂಡು ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ಗುಂಡಿನಿಂದ ಹೊರಟ ಸ್ಟಡ್ಡು, ಅಂದರೆ ತುದಿಯಲ್ಲಿ ಎಳೆಯಿರುವ (ತ್ರೆಡ್ಡಿನ) ಕಂಬಿ, ಸ್ಟೀರಿಂಗ್ ಆರ್ಮಿನ ಕಣ್ಣಿಗೆ (ತೂತಿಗೆ) ಟೇಪರಿನಲ್ಲಿ, ಅಂದರೆ ಬರಬರುತ್ತಾ ಸಪೂರವಾಗುವ ಭಾಗದಲ್ಲಿ, ಹೊಕ್ಕು ನಟ್ಟಿನಿಂದ ಬಿಗಿದಿರುತ್ತದೆ. ಬಟ್ಟಲಿನ ಬಾಯಿಂದ ಆರ್ಮಿನ ತನಕ ಮುಚ್ಚಿಕೊಂಡಿರುವ ರಬ್ಬರ್ ಟೊಪ್ಪಿಯೇ ಬೂಟು. ಗ್ರೀಸು ಒಳಗೆ ಉಳಿಯಬೇಕು, ನೀರು ಮಣ್ಣು ಹೊರಗೆ ಉಳಿಯಬೇಕು, ಅದಕ್ಕಿರುವ ಕೆಲಸ ಅಷ್ಟೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಆಗುಂಬೆ ಸೀಮೆಯಲ್ಲಿ, ಜಂಬಿಟ್ಟಿಗೆಯ ಕೆಂಪು ರಾಡಿಯಲ್ಲಿ ಓಡಾಡುವ ಗಾಡಿಗೆ ಬೂಟಿನಲ್ಲಿ ಒಂದು ಸೀಳು ಬಿದ್ದರೆ ಸಾಕು. ನುಣ್ಣನೆ ಕೆಮ್ಮಣ್ಣು ಗ್ರೀಸಿನ ಜೊತೆ ಕಲೆತು ವಾಲ್ವ್ ಉಜ್ಜುವ ಪೇಸ್ಟಿನಂತಾಗಿ, ಒಂದೇ ಮಳೆಗಾಲದಲ್ಲಿ ಗುಂಡನ್ನು ತಿಂದು ಹಾಕುತ್ತದೆ. ಹಾಗಾಗಿ ಈ ಕೆಲಸ ಮೇ ತಿಂಗಳಲ್ಲಿ, ಅಂಗಳ ಒಣಗಿರುವಾಗ ಮುಗಿಯಬೇಕು. ಮೃಗಶಿರ ಹಿಡಿದ ಮೇಲೆ ಕೆಸರಿನಲ್ಲಿ ಮಲಗಿ ಮಾಡುವ ಕೆಲಸ ಇದಲ್ಲ.

ಬೂಟು ತರುವ ಮುಂಚೆ ಜಾಯಿಂಟಿಗೆ ಜೀವ ಇದೆಯೋ ನೋಡಿ. ಚಕ್ರ ನೆಲದ ಮೇಲೇ ಇರಲಿ, ಎಂಜಿನ್ ಆಫ್ ಇರಲಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸಣ್ಣಗೆ ಅಲುಗಿಸುತ್ತಿರಲಿ, ಇನ್ನೊಬ್ಬರು ಕೆಳಗಿನಿಂದ ಜಾಯಿಂಟಿನ ಮೈ ಮತ್ತು ಆರ್ಮು ಎರಡನ್ನೂ ಒಟ್ಟಿಗೆ ಮುಟ್ಟುವ ಹಾಗೆ ಅಂಗೈ ಇಡಲಿ. ಎರಡರ ನಡುವೆ ಟಕ್ ಅಂತ ಒಂದು ಸಣ್ಣ ಹೊಡೆತ ಕೈಗೆ ಸಿಕ್ಕಿದರೂ ಗುಂಡು ಸವೆದಿದೆ ಎಂದೇ ಅರ್ಥ. ಆಗ ಪೂರ್ತಿ ಎಂಡನ್ನೇ ಬದಲಿಸಬೇಕು. ಸತ್ತ ಜಾಯಿಂಟಿಗೆ ಹೊಸ ಬೂಟು ಹಾಕಿದರೆ ದೋಷ ಮುಚ್ಚಿಹೋಗುತ್ತದೆ, ಅಪಾಯ ಹಾಗೇ ಉಳಿಯುತ್ತದೆ. ಸಿಜೆ-3ಬಿ ಜೀಪಿನ ತರಹದ ಹಳೆ ಗಾಡಿಯಲ್ಲಿ ನಡುವೆ ಬೆಲ್‌ಕ್ರ್ಯಾಂಕ್ ಎಂಬ ತಿರುಗುವ ಕೊಂಡಿ ಇದ್ದರೆ ಟೈರಾಡು ಎರಡು, ಎಂಡು ನಾಲ್ಕು. ನಾಲ್ಕನ್ನೂ ಮುಟ್ಟಿ ನೋಡಿ. ಅದೇ ಗಾಡಿಗಳಲ್ಲಿ ಸ್ಟೀರಿಂಗ್ ಬಾಕ್ಸಿನ ಕಡೆಯಿಂದ ಬರುವ ಡ್ರ್ಯಾಗ್ ಲಿಂಕ್ ಎಂಬ ಸರಳಿನ ತುದಿಯಲ್ಲಿ ಸ್ಪ್ರಿಂಗು, ಪ್ಲಗ್ಗು ಇರುತ್ತವೆ. ಅದರ ಡಸ್ಟ್ ಕವರೇ ಬೇರೆ, ಈ ಬೂಟು ಅಲ್ಲಿ ಕೂರುವುದಿಲ್ಲ.

ಹಳೆ ಬೂಟನ್ನು ಜೇಬಿಗೆ ಹಾಕಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗಿ "ಇಂಥದ್ದೇ ಕೊಡಿ" ಅನ್ನುವವರಿಗೆ ಏನು ಹೇಳುವುದು! ವರ್ಷಗಟ್ಟಲೆ ಎಣ್ಣೆಯಲ್ಲಿ ನೆಂದ ರಬ್ಬರು ಉಬ್ಬಿರುತ್ತದೆ, ಅದು ಅಳತೆಗೆ ಬರುವುದಿಲ್ಲ. ಅಳೆಯಬೇಕಾದದ್ದು ಲೋಹವನ್ನು. ಬಟ್ಟಲಿನ ಬಾಯಲ್ಲಿ ಬೂಟು ಕೂರುವ ತೋಡಿನ (ಗ್ರೂವಿನ) ಅಗಲ, ಸ್ಟಡ್ಡಿನ ಟೇಪರಿನ ದಪ್ಪ ಭಾಗದ ಅಗಲ, ಬಿಗಿದಿರುವಾಗ ಬಟ್ಟಲಿಗೂ ಆರ್ಮಿಗೂ ನಡುವಿನ ಸಂದು, ಈ ಮೂರನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಬರೆದುಕೊಳ್ಳಿ. ಬೂಟಿನ ಸಣ್ಣ ತೂತು ಸ್ಟಡ್ಡಿಗಿಂತ ಒಂದು ಚೂರು ಕಿರಿದಾಗಿ ಕಚ್ಚಿಕೊಳ್ಳಬೇಕು, ಎತ್ತರ ಸಂದಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ತೀರಾ ಎತ್ತರವಾದರೆ ಮಡಿಸಿಕೊಂಡು ಆ ಮಡಿಕೆಯಲ್ಲೇ ಸೀಳುತ್ತದೆ, ಗಿಡ್ಡವಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ತುಟಿ ಎದ್ದು ಬಾಯಿ ಬಿಡುತ್ತದೆ. ನಿಯೋಪ್ರೀನ್ ಅಥವಾ ಪಾಲಿಯುರಿಥೇನ್ ಬೂಟನ್ನೇ ಕೇಳಿ. ಕೈಗೆ ಬಂದಾಗ ಮಡಿಸಿ ಹಿಡಿದು ಬೆಳಕಿಗೆ ನೋಡಿ. ಮಡಿಕೆಯ ಬೆನ್ನಿನ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಅಂಗಡಿಯಲ್ಲೇ ಮುದಿಯಾದ ಮಾಲು, ವಾಪಸ್ ಕೊಡಿ. ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ನನ್ನೂ ಹೊಸದೇ ಅಲ್ಲಿ ಕೇಳಿ ತನ್ನಿ.

ಬಿಚ್ಚುವ ಹಿಂದಿನ ದಿನವೇ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ, ರಾತ್ರಿಯೆಲ್ಲ ಇಳಿಯಲಿ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಡ್ರಮ್ಮು ಹೊತ್ತ ಜೀಪಿನಲ್ಲಂತೂ ಇದು ತಪ್ಪಬಾರದು. ಆ ನೀಲಿ ನೀರು ಬಿದ್ದ ಕಬ್ಬಿಣ ಬೇರೆ ಕಡೆಗಿಂತ ಬೇಗ ತಿಂದುಹೋಗಿರುತ್ತದೆ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಟ್ಟು, ಹಲಗೆಯ ಮೇಲೆ ಜಾಕ್ ಇಟ್ಟು ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡು ಕೊಡಿ. ಸ್ಟ್ಯಾಂಡಿಲ್ಲ ಅಂತ ಜಂಬಿಟ್ಟಿಗೆ ಕಲ್ಲು ಪೇರಿಸುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಗೋಡೆಯಲ್ಲಿ ಸಮವಾಗಿ ಭಾರ ಹೊರುವ ಕಲ್ಲು ಆಕ್ಸಲಿನ ಚೂಪು ಭಾರಕ್ಕೆ ಹೇಳದೆ ಕೇಳದೆ ಒಡೆಯುತ್ತದೆ. ಒಳಗೆ ಮನೆ ಕಟ್ಟಿಕೊಂಡ ಮೆಟಡಾರಾದರೆ ಟ್ಯಾಂಕಿನ ನೀರು ಖಾಲಿ ಮಾಡಿಯೇ ಎತ್ತಿ.

ಪಿನ್ನು ನೆಟ್ಟಗೆ ಮಾಡಿ ಎಳೆದು ಬಿಸಾಡಿ. ಪಿನ್ನು ಕೂರುವ ತೋಡುಗಳಿರುವ ಕ್ಯಾಸಲ್ ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಎಳೆಯ ಮೇಲೆ ಉಳಿಸಿ. ನಟ್ಟಿನ ಜೊತೆ ಸ್ಟಡ್ಡೂ ತಿರುಗುತ್ತಿದ್ದರೆ ಜಾಯಿಂಟನ್ನು ಸಣ್ಣ ಜಾಕಿನಿಂದಲೋ ಸನ್ನೆಯಿಂದಲೋ ಟೇಪರಿನೊಳಕ್ಕೆ ಒತ್ತಿ ಹಿಡಿಯಿರಿ, ಕಚ್ಚಿಕೊಳ್ಳುತ್ತದೆ. ಇನ್ನು ಟೇಪರ್ ಬಿಡಿಸುವುದು. ಕವೆಯಂಥ ಫೋರ್ಕ್ ಹೊಡೆದು ಎಬ್ಬಿಸುವುದು ಎಂಡನ್ನೇ ಎಸೆಯುವಾಗ ಸರಿ, ಎಂಡು ಉಳಿಸಿಕೊಳ್ಳುವಾಗ ಅದು ಬಟ್ಟಲಿನ ಬಾಯನ್ನೇ ಜಜ್ಜುತ್ತದೆ. ಸ್ಟಡ್ಡಿನ ತುದಿಗೆ ಬಡಿದರೆ ಎಳೆ ಅರಳಿ ನಟ್ಟು ಮತ್ತೆ ಕೂರುವುದಿಲ್ಲ. ಗ್ಯಾಸ್ ಹಿಡಿದು ಕಾಯಿಸುವುದಂತೂ ಬೇಡವೇ ಬೇಡ, ಆರ್ಮಿನ ಉಕ್ಕಿನ ಹದವೇ ಕೆಡುತ್ತದೆ. ಒತ್ತಿ ಬಿಡಿಸುವ ಪುಲ್ಲರ್ ಇದ್ದರೆ ಸರಿ. ಇಲ್ಲದಿದ್ದರೆ ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಒತ್ತಿ ಹಿಡಿದು, ನೇರ ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಹೊಡೆಯಿರಿ. ಕಣ್ಣು ಆ ಕ್ಷಣಕ್ಕೆ ಅಗಲಿಸಿ ಟೇಪರ್ ಟಪ್ ಅಂತ ಬಿಡುತ್ತದೆ, ಉಳಿಸಿದ ನಟ್ಟು ರಾಡನ್ನು ಮುಖದ ಮೇಲೆ ಬೀಳದಂತೆ ಹಿಡಿಯುತ್ತದೆ. ಎಂಡನ್ನು ರಾಡಿನಿಂದ ಬಿಚ್ಚಬೇಡಿ. ಬೂಟು ಬದಲಿಸಲು ಅದು ಬೇಕಿಲ್ಲ, ಸುಮ್ಮನೆ ತಿರುಗಿಸಿದರೆ ಚಕ್ರದ ಅಲೈನ್‌ಮೆಂಟ್ ಹೋಗುತ್ತದೆ.

ಹಳೆ ಬೂಟು ಕತ್ತರಿಸಿ ತೆಗೆದು, ಹಳೆ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ, ಬ್ರಷ್ಷಿಗೆ ಡೀಸೆಲ್ ಅದ್ದಿ ಗುಂಡಿನ ಸುತ್ತ ತೊಳೆಯಿರಿ. ಸ್ಟಡ್ಡನ್ನು ಎಲ್ಲ ಕಡೆ ಓಲಿಸುತ್ತಾ ಕೆಂಪು ಬರುವುದು ನಿಲ್ಲುವ ತನಕ ತೊಳೆಯಬೇಕು. ಆರಿದ ಮೇಲೆ ಬೆರಳಿನಿಂದ ತಿರುಗಿಸಿ ನೋಡಿ. ಬಿಗಿಯಾಗಿ, ನಯವಾಗಿ ತಿರುಗಿದರೆ ಒಳ್ಳೆಯದು. ಎಲ್ಲಾದರೂ ಕಚಕ್ ಎಂದು ಸಿಕ್ಕಿದರೆ, ತನ್ನ ಭಾರಕ್ಕೇ ಕುಸಿದು ಬಿದ್ದರೆ, ಆ ಎಂಡಿನ ಆಸೆ ಬಿಡಿ.

ಇನ್ನು ಮುಂದಿನದ್ದನ್ನು ಅವಸರವಿಲ್ಲದೆ ಓದಿ, ಏಕೆಂದರೆ ಎಲ್ಲರೂ ಕೆಡಿಸುವುದು ಇಲ್ಲೇ. ಹೊಸ ಬೂಟನ್ನು ಪ್ಯಾಕೆಟಿನಿಂದ ತೆಗೆದು ಹಾಗೇ ಸ್ಟಡ್ಡಿನ ಎಳೆಗಳ ಮೇಲೆ ತುರುಕುತ್ತಾರೆ. ಎಳೆಯ ಅಂಚು ಬೂಟಿನ ಒಳತುಟಿಯನ್ನು ಸಣ್ಣಗೆ ಗೀರುತ್ತದೆ. ಕಣ್ಣಿಗೆ ಕಾಣದ ಆ ಗೀರಿನಿಂದಲೇ ಆಷಾಢದಲ್ಲಿ ನೀರು ಇಳಿಯುವುದು. ಮೊದಲು ಬೂಟನ್ನು ಬಿಸಿನೀರಿಗೆ ಹಾಕಿ. ನೀರು ಕುದಿಯಬಾರದು, ಬೆರಳು ಅದ್ದಿದರೆ ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಸಾಕು. ಒಂದು ಲೋಟ ಕಾಫಿ ಕುಡಿದು ಮುಗಿಸುವ ಹೊತ್ತಿಗೆ ರಬ್ಬರು ಮೆತ್ತಗಾಗಿರುತ್ತದೆ. ತೆಗೆದು ಒಳಗೂ ಹೊರಗೂ ಹಳೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಮಡಿಕೆಗಳನ್ನು ಬಿಡಿಸಿ ಒರೆಸಿ. ಒಂದು ಹನಿ ಒಳಗೆ ಉಳಿದರೂ ನೀವೇ ತುಕ್ಕಿಗೆ ಬೀಜ ಹಾಕಿದ ಹಾಗೆ. ಇನ್ನೊಂದು ಕಡೆ ಹಳೆ ಎಕ್ಸ್-ರೇ ಫಿಲ್ಮನ್ನು ಕತ್ತರಿಸಿ ಕಡ್ಲೆಕಾಯಿ ಪೊಟ್ಟಣದ ಆಕಾರಕ್ಕೆ ಸುತ್ತಿ, ಅಗಲ ಬಾಯಿ ಎಳೆಗಳನ್ನು ಮುಚ್ಚುವಂತೆ, ಚೂಪು ತುದಿ ಹೊರಗೆ ಬರುವಂತೆ ಸ್ಟಡ್ಡಿನ ಮೇಲೆ ಕೂರಿಸಿ. ಎಕ್ಸ್-ರೇ ಫಿಲ್ಮೇ ಆಗಬೇಕು. ಹಾಲಿನ ಪ್ಯಾಕೆಟು ಹರಿಯುತ್ತದೆ, ನೀರಿನ ಬಾಟಲಿಯ ಪ್ಲಾಸ್ಟಿಕ್ಕು ಕತ್ತರಿಸಿದ ಕಡೆ ಚಾಕುವಿನಷ್ಟು ಹರಿತ.

ಆಮೇಲೆ ಗ್ರೀಸು. ಒಳ್ಳೆ ಲಿಥಿಯಂ ಗ್ರೀಸನ್ನು ತೋರುಬೆರಳಿನಲ್ಲಿ ತೆಗೆದು ಗುಂಡಿನ ಕತ್ತಿನ ಸುತ್ತ ಒತ್ತಿ ತುಂಬಿ, ಸ್ಟಡ್ಡನ್ನು ಓಲಿಸಿ ಮತ್ತೆ ಒತ್ತಿ. ಬೂಟಿನೊಳಗೆ ಅರ್ಧಕ್ಕಿಂತ ಜಾಸ್ತಿ ಬೇಡ. ತೋಡಿನ ಮೇಲೆ ಕೂರುವ ದೊಡ್ಡ ತುಟಿಗೆ ಗ್ರೀಸು ತಾಗಲೇಬಾರದು, ತಾಗಿದರೆ ಜಾರಿ ಹೊರಗೆ ಬರುತ್ತದೆ. ಮೇಲಿನ ಸಣ್ಣ ತುಟಿಗೆ ಮಾತ್ರ ಬೆರಳು ಸವರಿದಷ್ಟು ಪಸೆ. ಈಗ ಬೂಟು ಬಿಸಿಯಿರುವಾಗಲೇ ಫಿಲ್ಮಿನ ಮೇಲಿಂದ ಇಳಿಸಿ, ಎರಡೂ ಹೆಬ್ಬೆರಳಿನಲ್ಲಿ ಸುತ್ತ ಒತ್ತುತ್ತಾ ದೊಡ್ಡ ತುಟಿಯನ್ನು ತೋಡಿಗೆ ಕೂರಿಸಿ, ಫಿಲ್ಮನ್ನು ಮೇಲಕ್ಕೆ ಎಳೆದುಕೊಳ್ಳಿ. ಸ್ಕ್ರೂಡ್ರೈವರ್ ಮುಟ್ಟಕೂಡದು. ದೊಡ್ಡ ತುಟಿಯ ಸ್ಪ್ರಿಂಗ್ ರಿಂಗು ಹಾಕಿ. ರಿಂಗು ಹೋಗಿದ್ದರೆ ಸೆಂಟ್ರಿಂಗಿಗೆ ಕಟ್ಟುವ ಮೆತ್ತನೆ ತಂತಿ ಎರಡು ಸುತ್ತು ಹಾಕಿ, ಹುರಿದ ತುದಿಯನ್ನು ರಬ್ಬರಿನಿಂದ ಆಚೆಗೆ ಬಗ್ಗಿಸಿ. ನೈಲಾನ್ ಟೈ ಹಾಕಿದರೆ ಅದರ ತಲೆಯ ಹತ್ತಿರ ಒಂದು ಸಂದು ಉಳಿಯುತ್ತದೆ, ಇರುವೆ ಹೋಗುವಷ್ಟು ಸಂದಿಯಲ್ಲಿ ಕೆಸರೂ ಹೋಗುತ್ತದೆ.

ಕೊನೆಯದಾಗಿ ಗಾಳಿ ತೆಗೆಯುವುದು. ಇದನ್ನು ಯಾರೂ ಮಾಡುವುದಿಲ್ಲ, ನಾನು ಮಾತ್ರ ತಪ್ಪಿಸಲು ಬಿಡುವುದಿಲ್ಲ. ಹಿಡಿಸೂಡಿಯಿಂದ ಒಂದು ನಯವಾದ ಕಡ್ಡಿ ಹಿರಿದು, ಅದರ ದಪ್ಪ ತುದಿಯನ್ನು ಸಣ್ಣ ತುಟಿಯ ಕೆಳಗೆ ಮೆಲ್ಲಗೆ ತೂರಿಸಿ. ಸ್ಟಡ್ಡನ್ನು ಒಂದು ಪಕ್ಕಕ್ಕೆ ಪೂರ್ತಿ ವಾಲಿಸಿ, ಬೂಟನ್ನು ಅಂಗೈಯಲ್ಲಿ ಹಿಸುಕಿದರೆ ಪುಸ್ ಎಂದು ಗಾಳಿ ಹೊರಡುತ್ತದೆ. ಹಿಸುಕಿ ಹಿಡಿದಿರುವಾಗಲೇ ಕಡ್ಡಿ ಎಳೆಯಿರಿ. ಒಳಗೆ ಗಾಳಿ ಉಳಿದರೆ ಏನಾಗುತ್ತದೆ ಅಂದರೆ, ಓಡಿ ಬಿಸಿಯಾದ ಜಾಯಿಂಟು ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ತುಟಿಯ ಸಂದಿನಿಂದ ನೀರನ್ನು ಒಳಕ್ಕೆ ಹೀರುತ್ತದೆ. ಹೊರಗಿನಿಂದ ಬೂಟು ಹೊಸದರಂತೆ ಇದ್ದೂ ಒಳಗೆ ತುಕ್ಕು ಹಿಡಿಯುವುದು ಹೀಗೆ.

ಜೋಡಿಸುವಾಗ ಸ್ಟಡ್ಡಿನ ಟೇಪರನ್ನೂ ಆರ್ಮಿನ ಕಣ್ಣನ್ನೂ ಒಣಬಟ್ಟೆಯಲ್ಲಿ ಹೊಳೆಯುವಂತೆ ಒರೆಸಿ. ಅಲ್ಲಿ ಗ್ರೀಸು ಹಚ್ಚುವುದು ತಪ್ಪು, ಟೇಪರ್ ಒಣಗಿದ್ದರೇ ಕಚ್ಚಿಕೊಳ್ಳುವುದು. ಚಕ್ರ ನೇರ ಇರುವಾಗ, ಬೂಟು ತಿರುಚಿಕೊಳ್ಳದಂತೆ ನೋಡಿಕೊಂಡು ನಟ್ಟು ಬಿಗಿಯಿರಿ. ಗಾಡಿಯ ಪುಸ್ತಕದಲ್ಲಿ ಟಾರ್ಕ್ (ಎಷ್ಟು ಬಿಗಿಯಬೇಕೆಂಬ ಅಳತೆ) ಕೊಟ್ಟಿದ್ದರೆ ಅದೇ ಅಂತಿಮ. ಪಿನ್ನಿನ ತೂತು ನಟ್ಟಿನ ತೋಡಿಗೆ ಸರಿಹೋಗದಿದ್ದರೆ ಮುಂದಕ್ಕೆ ಇನ್ನೊಂದಿಷ್ಟು ಬಿಗಿಯಿರಿ, ಎಂದೂ ಹಿಂದಕ್ಕೆ ಸಡಿಲಿಸಬಾರದು. ಹಳೆ ಪಿನ್ನು, ಮೊಳೆ, ತಂತಿ ಇವನ್ನೆಲ್ಲ ಹಾಕಿದವರ ಗಾಡಿಗೆ ನಾನಂತೂ ಹತ್ತುವುದಿಲ್ಲ.

ಹಿಂದಿನ ಡ್ರೈವರುಗಳು ನಿಪ್ಪಲಿಗೆ ಗ್ರೀಸ್ ಗನ್ ಕಚ್ಚಿಸಿ, ಹಳೆ ಗ್ರೀಸು ಹೊರಗೆ ಉಕ್ಕುವ ತನಕ ಒತ್ತುತ್ತಿದ್ದರು. ಆಗಿನ ಸಡಿಲ ಕವರಿಗೆ ಅದು ಸರಿಯೇ, ಕೊಳೆಯೂ ಅದರ ಜೊತೆ ಹೊರಗೆ ಬರುತ್ತಿತ್ತು. ಈಗಿನ ಬಿಗಿ ಬೂಟಿಗೆ ಹಾಗೆ ಮಾಡಿದರೆ ಪಕ್ಕೆಯಲ್ಲಿ ಒಡೆಯುತ್ತದೆ. ಬೂಟಿನ ಮೇಲೆ ಒಂದು ಕೈ ಇಟ್ಟುಕೊಂಡು ಮೆಲ್ಲಗೆ ಒತ್ತಿ, ಅದು ಉಸಿರು ತುಂಬಿಕೊಂಡ ಹಾಗೆ ಚೂರು ಎದ್ದದ್ದು ಗೊತ್ತಾದ ಕೂಡಲೇ ನಿಲ್ಲಿಸಿ. ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆಲ್ಲ ಡೀಸೆಲ್ಲಿಗೆ ಸುಟ್ಟ ಆಯಿಲ್ ಬೆರೆಸಿ ಹೊಡೆಸುವ ಅಭ್ಯಾಸ ನಮ್ಮ ಕಡೆ ಮನೆಮನೆಯಲ್ಲಿದೆ. ಹೊಡೆಸುವುದಾದರೆ ಬೂಟುಗಳಿಗೆ ಪ್ಲಾಸ್ಟಿಕ್ ಕಟ್ಟಿ ಹೊಡೆಸಿ, ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗಿ ಹರಿಯುತ್ತದೆ. ಸೈಕಲ್ ಟ್ಯೂಬಿನ ತುಂಡು ಬಾಳದಿರುವುದೂ ಅದಕ್ಕೇ.    

ವಾಟರ್ ಸರ್ವಿಸ್ ಮಾಡಿಸುವಾಗ ಜೋರು ನೀರಿನ ಪೈಪನ್ನು ನೇರ ಬೂಟಿಗೆ ಹಿಡಿಯಲು ಬಿಡಬೇಡಿ, ತುಟಿ ಎತ್ತಿ ನೀರು ಒಳಗೆ ಹೋಗುತ್ತದೆ. ಹೊಸ ಬೂಟು ಹಾಕಿದ ಮೇಲೆ ಶಿವಮೊಗ್ಗಕ್ಕೆ ಒಂದು ಸಲ ಹೋಗಿ ಬಂದು, ಮತ್ತೆ ಅಡಿಗೆ ಬಗ್ಗಿ ನೋಡಿ. ಪಿನ್ನಿನ ಎರಡೂ ಕಾಲು ಬಗ್ಗಿಯೇ ಇರಬೇಕು, ದೊಡ್ಡ ತುಟಿ ತೋಡಿನಲ್ಲೇ ಇರಬೇಕು, ಆರ್ಮಿನ ಸುತ್ತ ಗ್ರೀಸಿನ ಹೊಸ ಉಂಗುರ ಕಾಣಬಾರದು. ಕಂಡರೆ ಒಳಗೆ ಗ್ರೀಸು ಜಾಸ್ತಿಯಾಗಿದೆ ಅಥವಾ ತುಟಿಗೆ ಗೀರು ಬಿದ್ದಿದೆ. ಉಂಗುರವನ್ನು ಒರೆಸಿ, ಇನ್ನೊಂದು ಓಡಾಟದ ಬಳಿಕ ನೋಡಿ. ಮತ್ತೆ ಕಾಣಿಸಿದರೆ ಬೂಟು ಬಿಚ್ಚಿ ಬೇರೆ ಹಾಕಿ.