ಹಿಮದ ಹಿತ್ತಿಲಿನಲ್ಲಿ ಆರು ಹೇಂಟೆಗಳು

ಗೂಡಿನ ಮಾಡಿನಿಂದ ಒಳಕ್ಕೆ ಚಾಚಿದ್ದ ಮೊಳೆಗಳ ತುದಿಯಲ್ಲೆಲ್ಲ ಹತ್ತಿ ಅಂಟಿಸಿದಂತೆ ಹಿಮ ಕಟ್ಟಿತ್ತು. ಟಾರ್ಚ್ ಹಿಡಿದು ಬಗ್ಗಿ ನೋಡಿದ ನನಗೆ ಮೊದಲು ಚಂದವೆನಿಸಿತು. ಆಮೇಲೆ ಲೆಗ್‌ಹಾರ್ನ್ ಹೇಂಟೆಯ ಜುಟ್ಟು ಕಂಡಿತು. ಯಾವಾಗಲೂ ಕೆಂಪಗೆ ಒಂದು ಬದಿಗೆ ವಾಲಿಕೊಂಡಿರುತ್ತಿದ್ದ ಅದರ ತುದಿಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಕೆಲವೇ ದಿನಗಳಲ್ಲಿ ಕಪ್ಪಾದವು, ಮುಂದೆ ಒಣಗಿ ಉದುರಿಹೋದವು. ಅಮೆರಿಕದ ಮಿನ್ನೆಸೋಟದಲ್ಲಿ ಕೋಳಿ ಸಾಕಿದ ಮೊದಲ ಚಳಿಗಾಲದ ಫಲ ಇದು.

ಚಳಿಯನ್ನು ದೂರಿ ಪ್ರಯೋಜನವಿಲ್ಲ, ತಪ್ಪು ನನ್ನದೇ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಕೋಳಿಗೂಡೆಂದರೆ ನರಿ, ಕಾಡುಬೆಕ್ಕುಗಳ ಬಾಯಿಂದ ಉಳಿಸುವ ಪೆಟ್ಟಿಗೆ, ಅಷ್ಟೇ. ಸೇಂಟ್ ಪಾಲ್ ಹೊರವಲಯದ ಈ ಹಿತ್ತಿಲಿನಲ್ಲಿ ಅಕ್ಟೋಬರ್ ಮುಗಿಯುವ ಮೊದಲೇ ಹೆದರಿ, ಸಂದುಗೊಂದುಗಳಿಗೆಲ್ಲ ಫೋಮ್ ತುಂಬಿ, ಕಿಟಕಿಗೆ ಪ್ಲಾಸ್ಟಿಕ್ ಹೊಡೆದು, ಗೂಡನ್ನು ಉಪ್ಪಿನಕಾಯಿ ಭರಣಿಯಂತೆ ಬಿಗಿದುಬಿಟ್ಟಿದ್ದೆ. ಆರು ಕೋಳಿಗಳ ಉಸಿರು, ಹಿಕ್ಕೆಯ ತೇವ ಎರಡಕ್ಕೂ ಹೊರಹೋಗುವ ದಾರಿಯಿರಲಿಲ್ಲ. ಮೊಳೆಯ ಮೇಲೂ ಜುಟ್ಟಿನ ಮೇಲೂ ಹೆಪ್ಪುಗಟ್ಟಿದ್ದು ಅದೇ.

ಪಕ್ಕದ ಮನೆಯ ಅಜ್ಜ ಹೈನುಗಾರರ ಕುಟುಂಬದಲ್ಲಿ ಬೆಳೆದವರು. ಬಾಗಿಲು ತೆರೆದವರೇ ಮೂಗು ಮುಚ್ಚಿಕೊಂಡು, "ನಿಂತ ಒಂದು ನಿಮಿಷಕ್ಕೇ ನಮಗೆ ಹೀಗಾದರೆ ರಾತ್ರಿಯಿಡೀ ಒಳಗೆ ಕೂತವುಗಳ ಗತಿಯೇನು?" ಎಂದರು. ಅಂದೇ ಗರಗಸ ತಂದು, ಕೋಳಿಗಳು ಕೂರುವ ಹಲಗೆಗಿಂತ ಒಂದೂವರೆ ಅಡಿ ಮೇಲೆ, ಸೂರಿನ ಕೆಳಗೆ ಎರಡೂ ಬದಿಗೆ ಉದ್ದುದ್ದ ಕಿಂಡಿ ಕೊಯ್ದು, ಸಣ್ಣ ಕಣ್ಣಿನ ತಂತಿಬಲೆ ಹೊಡೆದೆ. ಕೆಳಗಿನ ಸಂದುಗಳನ್ನು ಮಾತ್ರ ಮುಚ್ಚಿಯೇ ಇಟ್ಟೆ. ಗಾಳಿ ತಲೆಯ ಮೇಲಿಂದ ಹಾದುಹೋಗಬೇಕು, ಮೈಗೆ ಬಡಿಯಬಾರದು. ಮರುವಾರ ನೋಡಿದರೆ ಮೊಳೆಗಳು ಒಣಗಿದ್ದವು.

ಊರಿನಿಂದ ಅಮ್ಮ ಫೋನಿನಲ್ಲಿ, "ಕೋಳಿಗೂ ಸ್ವೆಟರ್ ಹಾಕುತ್ತೀಯಾ ಮಾರಾಯ?" ಎಂದು ನಕ್ಕಿದ್ದಳು. ಸ್ವೆಟರ್ ಹಾಕಿದರೆ ಅದಕ್ಕೆ ಕೇಡೇ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಪುಕ್ಕ ಉಬ್ಬಿಸಿ, ನಡುವೆ ಗಾಳಿ ಹಿಡಿದಿಟ್ಟುಕೊಂಡು ಆ ಬಿಸಿಯನ್ನು ಕಾಯ್ದುಕೊಳ್ಳುತ್ತದೆ. ನಾವು ಮಾಡಬೇಕಾದದ್ದು ಅದರ ಕಾಲಿನ ವ್ಯವಸ್ಥೆ. ಮೊದಲು ಹಾಕಿದ್ದ ದುಂಡನೆಯ ಕೋಲನ್ನು ತೆಗೆದು, ನಾಲ್ಕು ಇಂಚು ಅಗಲದ ಪಟ್ಟಿಯನ್ನು ಅಡ್ಡಡ್ಡ ಮಲಗಿಸಿದೆ. ಈಗ ಬೆರಳು ಮಡಚದೆ ಚಪ್ಪಟೆಯಾಗಿ ಊರಿ, ಹೊಟ್ಟೆಯ ಪುಕ್ಕದಿಂದ ಪಾದ ಮುಚ್ಚಿ ಕೂರುತ್ತವೆ. ಕೆಳಗೆ ಒಂದು ಅಡಿಯಷ್ಟು ಮರದ ಹೊಟ್ಟು. ಅದರ ಮೇಲೆ ಸಂಜೆ ಜೋಳದ ನುಚ್ಚು ಎರಚಿದರೆ ಕೆದಕುವ ಕೆಲಸ ಅವೇ ಮಾಡುತ್ತವೆ, ಹೊಟ್ಟು ಒಣಗಿರುತ್ತದೆ.

ಬಿಸಿ ದೀಪದ ಸಹವಾಸ ನನಗೆ ಬೇಡ. ಒಣ ಹೊಟ್ಟು, ಧೂಳು, ಪುಕ್ಕ ಸೇರಿದ ಕಡೆ ಅಂಥ ದೀಪ ಜಾರಿ ಬಿದ್ದರೆ ಮುಗಿಯಿತು. ಕರೆಂಟು ಹೋದ ರಾತ್ರಿ, ಬಿಸಿಗೆ ಒಗ್ಗಿದ ಕೋಳಿ ಇನ್ನಷ್ಟು ಸೊರಗುತ್ತದೆ. ಕರೆಂಟು ಬೇಕಾದದ್ದು ನೀರಿಗೆ. ಮೊದಲ ವರ್ಷ ದಿನಕ್ಕೆ ಮೂರು ಸಲ ಬಿಸಿನೀರು ಹೊತ್ತು, ಕೈಗವಸಿನ ಮೇಲೆ ಚೆಲ್ಲಿಕೊಂಡು, ಅದು ಬಾಗಿಲ ಚಿಲಕಕ್ಕೆ ಅಂಟಿ, ಬೈದುಕೊಂಡದ್ದೇ ಹೆಚ್ಚು. ಈಗ ನೀರಿನ ಪಾತ್ರೆಯ ಕೆಳಗೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಬಿಸಿ ತಟ್ಟೆಯಿದೆ. ಈ ಇಡೀ ಉದ್ಯೋಗದಲ್ಲಿ ನಾನು ಮಾಡಿದ ಬುದ್ಧಿವಂತ ಖರ್ಚು ಅದೊಂದೇ ಎಂದು ಹೆಂಡತಿಯ ಅಭಿಪ್ರಾಯ.

2019ರ ಜನವರಿ 30ರಂದು ಇಲ್ಲಿ ಪಾದರಸ ಮೈನಸ್ 33 ಡಿಗ್ರಿಗೆ ಇಳಿದಾಗ ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿದೆ. ಹಲಗೆಯ ಮೇಲೆ ಆರು ಚೆಂಡುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಟಾರ್ಚಿನ ಬೆಳಕಿಗೆ ಒಂದು ಮಾತ್ರ ಕಣ್ಣು ತೆರೆದು, ಅಸಮಾಧಾನದಿಂದ ಕೊರ್ ಎಂದು, ಮತ್ತೆ ರೆಕ್ಕೆಯೊಳಗೆ ಮುಖ ಹುದುಗಿಸಿತು. ನಡುಗುತ್ತಿದ್ದವನು ನಾನೊಬ್ಬನೇ. ಅವುಗಳಲ್ಲಿ ನಾಲ್ಕು, ಆ ವೇಳೆಗೆ ತಂದಿದ್ದ ವ್ಯಾಂಡಾಟ್ ತಳಿಯವು. ಜುಟ್ಟು ತಲೆಗೆ ಒತ್ತಿಕೊಂಡಿರುವುದರಿಂದ ಹಿಮ ಕಚ್ಚುವ ಭಯ ಕಡಿಮೆ. ಮುಂದೆಂದಾದರೂ ಷಾಂಟೆಕ್ಲೇರ್ ಸಾಕುವ ಆಸೆಯಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ಓಕಾ ಮಠದ ಸನ್ಯಾಸಿ ವಿಲ್ಫ್ರಿಡ್ ಶಾಟ್ಲೆನ್ 20ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಚಳಿಗೆಂದೇ ರೂಪಿಸಿದ ತಳಿಯದು, ಜುಟ್ಟು ಇದ್ದೂ ಇಲ್ಲದಂತೆ.

ಕೋಳಿಗೆ ಚಳಿ ಹೊಂದುತ್ತದೆ, ಹಿಮ ಒಗ್ಗುವುದಿಲ್ಲ. ಮೊದಲ ಹಿಮ ಬಿದ್ದ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು, ಒಂದು ಕಾಲು ಎತ್ತಿ, ಇಳಿಸಿ, ಯಾರೋ ಹಿತ್ತಿಲನ್ನೇ ಕದ್ದೊಯ್ದರೆಂಬಂತೆ ನೋಡುತ್ತವೆ. ಹಾಗಾಗಿ ಸಲಿಕೆಯಿಂದ ದಾರಿ ಬಿಡಿಸಿ ಒಣಹುಲ್ಲು ಹಾಸುತ್ತೇನೆ. ಬಗೆದ ಹಿಮವನ್ನೆಲ್ಲ ಒಂದೇ ಮೂಲೆಗೆ ಸುರಿದೂ ಸುರಿದೂ ಆಳೆತ್ತರದ ದಿಬ್ಬವಾಯಿತು, ಮಕ್ಕಳಿಗೆ ಅದೇ ಜಾರುಬಂಡಿ. ಕೋಳಿಗಳ ನೆಪದಲ್ಲಿ ನಾವೂ ಹೊರಗೆ ಬಿದ್ದೆವು. ಮೊದಲೆರಡು ವರ್ಷ ನವೆಂಬರಿನಿಂದ ಮಾರ್ಚಿನವರೆಗೆ ಕಿಟಕಿಯಲ್ಲೇ ಕಾಲ ಹಾಕಿದವರು, ಈಗ ಭಾನುವಾರ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುತ್ತೇವೆ. ತಿಳಿಯಾದ ಗಟ್ಟಿ ಮಂಜುಗಡ್ಡೆ ನಾಲ್ಕು ಇಂಚಾದರೂ ದಪ್ಪವಿರಬೇಕೆಂಬುದು ಇಲ್ಲಿನ ನಿಯಮ. ಅಳೆದು ನೋಡಿದ ಮೇಲೂ ನನ್ನ ಮಲೆನಾಡಿನ ಕಾಲು ನಂಬುವುದಿಲ್ಲ.

ಡಿಸೆಂಬರಿನಲ್ಲಿ ಇಲ್ಲಿ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ; ಮೊಟ್ಟೆ ನಿಂತುಹೋಗುತ್ತದೆ. ದೀಪ ಹಚ್ಚಿ ಹಗಲನ್ನು ಹಿಗ್ಗಿಸುವವರಿದ್ದಾರೆ. ಪುಕ್ಕ ಬದಲಿಸಿ ದಣಿದವು, ಎರಡು ತಿಂಗಳು ಸುಮ್ಮನಿರಲಿ ಎಂದು ನಾನು ಬಿಟ್ಟಿದ್ದೇನೆ. ಫೆಬ್ರವರಿಯಲ್ಲಿ ಮತ್ತೆ ಇಡತೊಡಗಿದರೆ ಬೇಗ ಎತ್ತಿಕೊಳ್ಳಬೇಕು, ಇಲ್ಲವಾದರೆ ಹೆಪ್ಪುಗಟ್ಟಿ ಸೀಳುತ್ತದೆ. ಈ ಸಲದ ಮೊದಲ ಮೊಟ್ಟೆ ಸಿಕ್ಕಿದ್ದು ಮಗಳಿಗೆ. ಬಿಸಿಯಿದೆಯೆಂದು ಅದನ್ನು ಕೈಗವಸಿನೊಳಗೆ ಹಾಕಿಕೊಂಡು, ನೇರ ಹೋಗಿ ದಿಬ್ಬದಿಂದ ಜಾರಿದಳು. ಕೈಗವಸು ತೊಳೆಯುವ ಪಾಳಿ ನನ್ನದಾಗಿತ್ತು.