ಬ್ಯಾಂಕಾಕ್‌ನಲ್ಲಿ ಅಪ್ಪ-ಅಮ್ಮನಿಗೆ ಹೋಟೆಲ್ ಹುಡುಕಿದ ಅನುಭವ

ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮದು ಸಿದ್ಧ ಉಡುಪಿನ ಅಂಗಡಿ. ಹೊಸ ಮಾಲು ನೋಡಲು ಬ್ಯಾಂಕಾಕ್‌ನ ಪ್ರತುನಾಮ್ ಮಾರುಕಟ್ಟೆಗೆ ನಾನು ಹಲವು ಬಾರಿ ಹೋಗಿ ಬಂದಿದ್ದೇನೆ. ಆಗೆಲ್ಲ ಮಾರುಕಟ್ಟೆಯ ಬೆನ್ನಿಗೇ ಇರುವ ಸಾಧಾರಣ ಹೋಟೆಲಿನಲ್ಲಿ ಉಳಿದು, ಹಾಸಿಗೆ ಸ್ವಚ್ಛವಾಗಿದ್ದರೆ ಸಾಕೆಂದುಕೊಂಡು ನಾಲ್ಕು ದಿನ ಕಳೆದು ಬರುತ್ತಿದ್ದೆ. ಅಪ್ಪನಿಗೆ ಎಪ್ಪತ್ತೈದು ತುಂಬಿದ ವರ್ಷ ಅಪ್ಪ-ಅಮ್ಮ ಇಬ್ಬರನ್ನೂ ಆ ಊರಿಗೆ ಕರೆದೊಯ್ಯಬೇಕು, ಈ ಸಲ ಖರ್ಚಿಗೆ ಹಿಂದೆಮುಂದೆ ನೋಡದೆ ಐಷಾರಾಮಿ ಹೋಟೆಲಿನಲ್ಲೇ ಇರಿಸಬೇಕು ಎಂದು ನಿಶ್ಚಯಿಸಿದೆ. ಹೋಟೆಲ್ ಗೊತ್ತುಮಾಡುವುದಕ್ಕೇ ಸುಮಾರು ಎರಡು ತಿಂಗಳು ಹಿಡಿಯಿತು. ಹೆತ್ತವರನ್ನು ಕರೆದುಕೊಂಡು ಹೊರಟಿರುವ ಇತರರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಷ್ಟು ಸಮಯ ತೆಗೆದುಕೊಂಡದ್ದಕ್ಕೆ ಹಿಂದಿನ ಒಂದು ಕಹಿ ಅನುಭವವೂ ಕಾರಣ. ಕೆಲವು ವರ್ಷಗಳ ಹಿಂದೆ ಹೆಂಡತಿ ಮಕ್ಕಳೊಂದಿಗೆ ಹೋದಾಗ, ಚಿತ್ರಗಳನ್ನು ನೋಡಿ ಮರುಳಾಗಿ ಸುಖುಮ್ವಿಟ್ ರಸ್ತೆಯ ಒಂದು ಸೋಯಿಯ, ಎಂದರೆ ಅಡ್ಡರಸ್ತೆಯ, ತೀರ ಒಳಗಿದ್ದ ಪಂಚತಾರಾ ಹೋಟೆಲನ್ನು ಕಾದಿರಿಸಿದ್ದೆ. ಅಮೃತಶಿಲೆಯ ನೆಲ, ಮಾಳಿಗೆಯ ಮೇಲೆ ಈಜುಕೊಳ, ಬಾಗಿ ನಮಸ್ಕರಿಸುವ ಸಿಬ್ಬಂದಿ, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಸಂಜೆ ಐದರ ಹೊತ್ತಿಗೆ ಟ್ಯಾಕ್ಸಿ ಹತ್ತಿದರೆ ಆ ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಬರುವುದಕ್ಕೇ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ನಮ್ಮೂರಿನ ಅಶೋಕ ಟಾಕೀಸ್ ಬಳಿ ರೈಲ್ವೆ ಗೇಟ್ ಬಿದ್ದಾಗ ನಿಂತು ಬೇಸತ್ತವರಿಗೆ, ಗೇಟೂ ಇಲ್ಲದೆ ರೈಲೂ ಇಲ್ಲದೆ ಹಾಗೆಯೇ ನಿಂತಿರುವ ರಸ್ತೆ ಹೇಗಿರುತ್ತದೆಂದು ಊಹಿಸಲು ಸಾಧ್ಯ. ಮಕ್ಕಳು ಕಾರಿನಲ್ಲೇ ನಿದ್ದೆ ಹೋದರು. ನೋಡಬೇಕೆಂದಿದ್ದ ಅರ್ಧದಷ್ಟು ಜಾಗಗಳನ್ನು ನಾವು ನೋಡಲಿಲ್ಲ.

ಆದ್ದರಿಂದ ಈ ಸಲ ಹೋಟೆಲುಗಳ ಚಿತ್ರಗಳನ್ನು ನೋಡುವ ಮೊದಲು ಊರಿನ ನಕ್ಷೆಯನ್ನು ಹರಡಿಕೊಂಡು ಕುಳಿತೆ. ಬ್ಯಾಂಕಾಕ್‌ನಲ್ಲಿ ರಸ್ತೆಯನ್ನು ನಂಬದೆ ಓಡಾಡಲು ಎರಡು ದಾರಿಗಳಿವೆ: ಒಂದು ರೈಲು, ಇನ್ನೊಂದು ನದಿ. ಕಂಬಗಳ ಮೇಲೆ ಓಡುವ ಬಿಟಿಎಸ್ ರೈಲು 1999ರ ಡಿಸೆಂಬರ್‌ನಲ್ಲಿ ಆರಂಭವಾಯಿತು, ನೆಲದಡಿಯ ಮೆಟ್ರೊ 2004ರಲ್ಲಿ ಬಂತು. ಚಾವೊ ಫ್ರಾಯಾ ನದಿಯಲ್ಲಿ ಜನ ದಿನವೂ ಕೆಲಸಕ್ಕೆ ಹೋಗಿಬರುವ ದೋಣಿಗಳಿವೆ. ಇವೆರಡೂ ಸೇರುವ ಜಾಗ ಸಫಾನ್ ತಾಕ್ಸಿನ್ ನಿಲ್ದಾಣ. ರೈಲಿನಿಂದ ಇಳಿದರೆ ಎದುರಿಗೇ ಸಾಥೋರ್ನ್ ದೋಣಿಕಟ್ಟೆ. 1876ರಿಂದ ನಡೆಯುತ್ತಿರುವ ಓರಿಯೆಂಟಲ್ ಸೇರಿದಂತೆ ನದಿದಂಡೆಯ ಹೆಸರಾಂತ ಹೋಟೆಲುಗಳು ಈ ಸುತ್ತಿನಲ್ಲೇ ಇವೆ. ಸ್ವಲ್ಪ ದೂರದಲ್ಲಿರುವ ಹಲವು ಹೋಟೆಲುಗಳು ತಮ್ಮ ಅತಿಥಿಗಳಿಗಾಗಿ ಈ ಕಟ್ಟೆಯವರೆಗೆ ಉಚಿತ ದೋಣಿಯನ್ನೂ ಓಡಿಸುತ್ತವೆ.

ಸಿಯಾಮ್ ಮತ್ತು ಚಿತ್ ಲೋಮ್ ನಿಲ್ದಾಣಗಳ ನಡುವಿನ ಹೋಟೆಲುಗಳನ್ನೂ ಪರಿಶೀಲಿಸಿದೆ. ಅಂಗಡಿ ಬೀದಿಗಳಿಗಾಗಿಯೇ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನಮ್ಮ ಅಪ್ಪ-ಅಮ್ಮನಿಗೆ ಅಂಗಡಿ ಹೊಸದಲ್ಲ. ಅವರು ನೋಡಬೇಕೆಂದಿದ್ದ ಅರಮನೆ, ಒರಗಿದ ಬುದ್ಧನ ವಾಟ್ ಫೋ ದೇವಾಲಯ, ಆಚೆ ದಂಡೆಯ ವಾಟ್ ಅರುಣ್ ದೇವಾಲಯ ಮೂರೂ ನದಿಯ ಬದಿಯಲ್ಲಿವೆ. ಹೀಗಾಗಿ ಸಫಾನ್ ತಾಕ್ಸಿನ್‌ನಿಂದ ನಿಧಾನವಾಗಿ ನಡೆದರೆ ಐದು ನಿಮಿಷ ಮೀರದ ಹೋಟೆಲುಗಳನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡೆ. ನಕ್ಷೆ ಹೇಳುವ ನಿಮಿಷಗಳು ಗಟ್ಟಿಮುಟ್ಟಾದವರ ನಡಿಗೆಯವು, ಮಂಡಿನೋವಿರುವವರಿಗೆ ಅದನ್ನು ದುಪ್ಪಟ್ಟು ಮಾಡಿಕೊಳ್ಳಬೇಕು. ಬಿಟಿಎಸ್ ನಿಲ್ದಾಣಗಳ ಎಲ್ಲ ಬಾಗಿಲುಗಳಲ್ಲೂ ಲಿಫ್ಟ್ ಇರುವುದಿಲ್ಲವಾದ್ದರಿಂದ, ಯಾವ ಬಾಗಿಲಿನಲ್ಲಿದೆ ಎಂಬುದನ್ನೂ ಹೋಟೆಲಿನವರಿಂದಲೇ ಕೇಳಿ ತಿಳಿದುಕೊಂಡೆ.

ಪಟ್ಟಿ ಚಿಕ್ಕದಾದ ಮೇಲೆ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಸ್ನಾನದ ಮನೆಯ ಬಗ್ಗೆ. ಅಪ್ಪ ಕುಂದವಾಡ ಕೆರೆಯ ಸುತ್ತಿನ ನಡಿಗೆಯನ್ನು ಬಿಟ್ಟು ಎರಡು ವರ್ಷವಾಗಿತ್ತು. ಎಡಮಂಡಿ ಪೂರ್ತಿ ಮಡಚುವುದಿಲ್ಲ. ದುಬಾರಿ ಹೋಟೆಲುಗಳಲ್ಲಿ ಸ್ನಾನದ ತೊಟ್ಟಿಯನ್ನೇ ದೊಡ್ಡ ಸೌಕರ್ಯವೆಂದು ತೋರಿಸುತ್ತಾರೆ. ಕೆಲವೆಡೆ ಷವರ್ ಇರುವುದೂ ಆ ತೊಟ್ಟಿಯ ಒಳಗೇ. ಮೊಣಕಾಲೆತ್ತರದ ಅಂಚನ್ನು ದಾಟಿ, ಸೋಪಿನ ನೀರಿನ ಮೇಲೆ ಒಂಟಿಕಾಲಿನಲ್ಲಿ ನಿಲ್ಲುವುದು ವಯಸ್ಸಾದವರಿಗೆ ಎಷ್ಟು ಅಪಾಯ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ನಾನು ಪ್ರತಿ ಹೋಟೆಲಿಗೂ ಒಂದೇ ಪತ್ರ ಬರೆದೆ: ಷವರ್ ತೊಟ್ಟಿಯಿಂದ ಬೇರೆಯಾಗಿದೆಯೇ, ಅದರ ಹೊಸ್ತಿಲು ಎಷ್ಟು ಸೆಂಟಿಮೀಟರ್, ಗೋಡೆಗೆ ಹಿಡಿ ಇದೆಯೇ, ಕುಳಿತು ಸ್ನಾನ ಮಾಡಲು ಸ್ಟೂಲ್ ಕೊಡುತ್ತೀರಾ. ಒಂದು ಕಡೆಯಿಂದ ಈಜುಕೊಳದ ವರ್ಣನೆ ಬಂತು, ಇನ್ನೊಂದು ಕಡೆಯಿಂದ ಉತ್ತರವೇ ಇಲ್ಲ. ಮೂರನೆಯ ಹೋಟೆಲಿನವರು ಮರುದಿನ ಒಂದು ಫೋಟೊ ಕಳಿಸಿದರು. ಷವರಿನ ಹೊಸ್ತಿಲಿಗೆ ಹಳದಿ ಅಳತೆಪಟ್ಟಿ ಹಿಡಿದಿದ್ದರು. ಅಂಚು ಎರಡು ಸೆಂಟಿಮೀಟರಿನ ಗೆರೆಗೆ ನಿಂತಿತ್ತು, ಪಟ್ಟಿ ಹಿಡಿದಿದ್ದವರ ಹೆಬ್ಬೆರಳೂ ಚಿತ್ರದಲ್ಲಿತ್ತು. ಕೇಳಿದ ಪ್ರಶ್ನೆಗೆ ಬಗ್ಗಿ ಅಳತೆ ತೆಗೆದು ಉತ್ತರಿಸಿದವರು ಅಪ್ಪನನ್ನೂ ಹಾಗೆಯೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಹುಟ್ಟಿ, ಅಲ್ಲಿಯೇ ಕೋಣೆ ಹಿಡಿದೆ.

ಹಣದ ವಿಷಯದಲ್ಲಿ ಎರಡು ಮಾತು. ಅಲ್ಲಿನ ದೊಡ್ಡ ಹೋಟೆಲುಗಳು ದರದ ಮುಂದೆ ಎರಡು ಕೂಡುವ ಚಿಹ್ನೆ ಹಾಕಿದ್ದರೆ, ಶೇಕಡಾ 10 ಸೇವಾ ಶುಲ್ಕ, ಆಮೇಲೆ ಆ ಮೊತ್ತದ ಮೇಲೆ ಶೇಕಡಾ 7 ತೆರಿಗೆ ಸೇರುತ್ತದೆ ಎಂದರ್ಥ. ಥಾಯ್ ಹಣದಲ್ಲಿ 8000 ಬಾತ್ ಎಂದು ಕಂಡದ್ದು ಕೊಡುವಾಗ 9416 ಬಾತ್ ಆಗಿರುತ್ತದೆ. ಎರಡನೆಯದಾಗಿ, ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ಸುಮಾರು ನಾಲ್ಕು ಗಂಟೆಯಲ್ಲಿ ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣಕ್ಕೆ ಮುಟ್ಟುತ್ತದೆ, ಅಲ್ಲಿ ಆಗಿನ್ನೂ ಬೆಳಗಿನ ಜಾವ. ಕೋಣೆ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ದಾವಣಗೆರೆಯಿಂದ ಬೆಂಗಳೂರಿಗೆ ಐದಾರು ಗಂಟೆ ಕಾರಿನಲ್ಲಿ ಕುಳಿತು, ರಾತ್ರಿಯಿಡೀ ನಿದ್ದೆಗೆಟ್ಟು ಬಂದ ಹಿರಿಯರನ್ನು ಮಧ್ಯಾಹ್ನದವರೆಗೆ ಸೋಫಾದ ಮೇಲೆ ಕೂರಿಸುವುದು ಸರಿಯಲ್ಲವೆಂದು, ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೊಟ್ಟು ಕೋಣೆಯನ್ನು ಕಾಯ್ದಿರಿಸಿದೆ. ಇಡೀ ಪ್ರವಾಸದಲ್ಲಿ ನಾನು ಮಾಡಿದ ಅತ್ಯಂತ ಸಾರ್ಥಕವಾದ ಖರ್ಚು ಅದೇ.

ಊಟದ ಬಗ್ಗೆ ಅಮ್ಮನಿಗೆ ಮೊದಲಿನಿಂದಲೂ ಅಳುಕಿತ್ತು. ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿ, ಒಗ್ಗರಣೆ ಹಾಕಿದ ಮಂಡಕ್ಕಿ ಎಲ್ಲವನ್ನೂ ಕಟ್ಟಿಕೊಂಡೇ ಹೊರಟರು. ಥಾಯ್ ಅಡುಗೆಯಲ್ಲಿ ತರಕಾರಿಯ ಪಲ್ಯಕ್ಕೂ ಮೀನಿನ ಸಾಸ್ ಬೀಳುವುದರಿಂದ, ಮಾಂಸ ಬೇಡವೆಂದರೆ ಸಾಲದು. ಅಲ್ಲಿ ‘ಜೇ’ ಎಂಬ ಮಾತಿದೆ. ಮಾಂಸ, ಮೀನು, ಮೊಟ್ಟೆ ಇಲ್ಲದ, ಬೆಳ್ಳುಳ್ಳಿ ಈರುಳ್ಳಿಯನ್ನೂ ಬಿಟ್ಟ ಅಡುಗೆಗೆ ಹಾಗೆನ್ನುತ್ತಾರೆ. ಮೂವರ ಹೆಸರಿನ ಮುಂದೆಯೂ ಆ ಪದವನ್ನು ಬರೆಸಿ ಅಡುಗೆಮನೆಗೆ ಮುಂಚೆಯೇ ಕಳಿಸುವಂತೆ ಕೇಳಿಕೊಂಡಿದ್ದೆ. ಬೆಳಗಿನ ಉಪಾಹಾರದಲ್ಲಿ ಯಾವುದನ್ನು ಮುಟ್ಟಬಹುದು, ಯಾವುದನ್ನು ಬಿಡಬೇಕು ಎಂದು ಒಬ್ಬ ಬಾಣಸಿಗರು ಹೊರಗೆ ಬಂದು ಅಮ್ಮನಿಗೆ ಪ್ರತಿ ಪಾತ್ರೆಯನ್ನೂ ತೋರಿಸಿದರು. ಅಮ್ಮನಿಗೆ ಅವರ ಮಾತು ತಿಳಿಯಲಿಲ್ಲ, ಕೈಸನ್ನೆ ತಿಳಿಯಿತು.

ಅಪ್ಪನ ಇಷ್ಟಲಿಂಗ ಪೂಜೆ ದಿನವೂ ತಪ್ಪುವಂತಿಲ್ಲ. ಕೋಣೆಯಲ್ಲಿ ಊದಿನಕಡ್ಡಿ ಹಚ್ಚಿದರೆ ಚಾವಣಿಯಲ್ಲಿರುವ ಹೊಗೆಯ ಎಚ್ಚರಿಕೆ ಗಂಟೆ ಹೊಡೆದುಕೊಳ್ಳುತ್ತದೆಂದು ಮೊದಲೇ ವಿವರಿಸಿದ್ದೆ. ವಿಭೂತಿ, ಪತ್ರೆ, ನೀರು ಸಾಕೆಂದರು. ಸ್ನಾನದ ಮನೆಗೆ ಇರಿಸಿದ್ದಲ್ಲದೆ ಇನ್ನೊಂದು ತಗ್ಗಿನ ಸ್ಟೂಲನ್ನು ಕಿಟಕಿಯ ಬಳಿ ಹಾಕಿಸಿಕೊಂಡೆವು. ನೆಲದ ಮೇಲೆ ಕೂರಲಾಗದ ಅಪ್ಪ ಅದರ ಮೇಲೆ ಕುಳಿತು, ಎಡಗೈಯಲ್ಲಿ ಲಿಂಗವಿರಿಸಿಕೊಂಡು, ಹೊರಗೆ ಬೆಳಕು ಹರಿಯುವವರೆಗೂ ಅಲುಗದೆ ಇದ್ದರು. ಇಂಥದೊಂದು ಶಾಂತವಾದ ಮೂಲೆ ಕೋಣೆಯಲ್ಲಿ ಇದೆಯೇ ಎಂದು ಕಾದಿರಿಸುವ ಮುನ್ನವೇ ಕೋಣೆಯ ನಕ್ಷೆ ತರಿಸಿ ನೋಡಿದ್ದೆ. ನಮ್ಮಂಥ ಮನೆಗಳವರು ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಐದು ದಿನಗಳಲ್ಲಿ ಟ್ಯಾಕ್ಸಿ ಹತ್ತಿದ್ದು ವಿಮಾನ ನಿಲ್ದಾಣಕ್ಕೆ ಮಾತ್ರ. ಅರಮನೆಗೂ ವಾಟ್ ಫೋಗೂ ದೋಣಿಯಲ್ಲೇ ಹೋದೆವು, ವಾಟ್ ಅರುಣ್‌ಗೆ ಇನ್ನೊಂದು ದೋಣಿಯಲ್ಲಿ ಹೊಳೆ ದಾಟಿದೆವು. ಎರವಾನ್‌ನ ಚತುರ್ಮುಖ ಬ್ರಹ್ಮನನ್ನು ನೋಡಲು ಸಿಯಾಮ್‌ನಲ್ಲಿ ರೈಲು ಬದಲಿಸಬೇಕಿತ್ತು. ಮತ್ತೊಂದು ರೈಲು ಬರುವುದು ಅಲ್ಲಿ ಕೆಳಗಿನ ಹಂತದ ಪ್ಲಾಟ್‌ಫಾರ್ಮಿಗೆ, ಆದರೆ ಲಿಫ್ಟಿನಲ್ಲೇ ಇಳಿದದ್ದರಿಂದ ಅಪ್ಪ ಒಂದು ಮೆಟ್ಟಿಲನ್ನೂ ತುಳಿಯಲಿಲ್ಲ. ಎರವಾನ್ ಹೋಟೆಲ್ ಕಟ್ಟುವಾಗ ಮೇಲಿಂದ ಮೇಲೆ ವಿಘ್ನಗಳು ಬಂದವೆಂದು 1956ರಲ್ಲಿ ಸ್ಥಾಪಿಸಿದ ಆ ಗುಡಿಯ ಮುಂದೆ ಅಮ್ಮ ಚೆಂಡುಹೂವಿನ ಮಾಲೆ ಕೊಂಡು ಅರ್ಪಿಸಿದರು.

ಒಂದು ವಿಷಯದಲ್ಲಿ ಮಾತ್ರ ನಾನು ತಪ್ಪಿದೆ. ನದಿಗೆ ಮುಖವಾದ ಕೋಣೆ ಬೇಕೆಂದು ಕೇಳಿದ್ದೆ, ಎಷ್ಟನೆಯ ಮಹಡಿ ಎಂದು ಕೇಳಿರಲಿಲ್ಲ. ಸಿಕ್ಕಿದ ಕೋಣೆ ಕೆಳಗಿನ ಮಹಡಿಯಲ್ಲಿತ್ತು. ಸಂಜೆಯಾಗುತ್ತಲೇ ಊಟದ ದೋಣಿಗಳು ದೀಪ ಹಚ್ಚಿಕೊಂಡು, ಗಟ್ಟಿಯಾಗಿ ಹಾಡು ಹಾಕಿಕೊಂಡು ಸಾಲಾಗಿ ಬಂದವು. ಒಂಬತ್ತಕ್ಕೆ ಮಲಗುವ ಅಮ್ಮನಿಗೆ ಆ ರಾತ್ರಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ತಿಳಿಸಿದಾಗ ಹದಿನೆಂಟನೆಯ ಮಹಡಿಗೆ ಬದಲಿಸಿಕೊಟ್ಟರು. ಸ್ಟೂಲುಗಳೂ ನಮ್ಮ ಹಿಂದೆಯೇ ಬಂದವು. ಅಲ್ಲಿಂದ ಸದ್ದು ಕೇಳುತ್ತಿರಲಿಲ್ಲ, ನದಿ ಮಾತ್ರ ಕಾಣುತ್ತಿತ್ತು. ಒಂದು ಪುಟ್ಟ ದೋಣಿ ಹಗ್ಗ ಕಟ್ಟಿ ನಾಲ್ಕು ದೊಡ್ಡ ಸರಕುದೋಣಿಗಳನ್ನು ಎಳೆದುಕೊಂಡು ಹೋಗುತ್ತಿದ್ದುದನ್ನು ಅಪ್ಪ ಪೂಜೆ ಮುಗಿಸಿ ಅಲ್ಲೇ ಕುಳಿತು ಬಹಳ ಹೊತ್ತು ನೋಡಿದರು. ಆಮೇಲೆ, ಭದ್ರಾ ನಾಲೆಯ ನೀರಿನಲ್ಲಿ ವರ್ಷಗಟ್ಟಲೆ ಭತ್ತ ಬೆಳೆದವರಲ್ಲವೇ, ಅದರಲ್ಲಿ ಇರುವುದು ಮರಳೋ ಭತ್ತವೋ ಕೇಳಿ ಹೇಳು ಎಂದರು.