ಆಲ್ಟೊ ಮೇಲೆ ಎರಡು ಕಯಾಕ್: ನನ್ನ ಅನುಭವ

ಸಣ್ಣ ಕಾರಿನ ಮೇಲೆ ಎರಡು ಕಯಾಕ್ (ಹುಟ್ಟು ಹಾಕುವ ಕಿರಿದಾದ ದೋಣಿ) ಕೂರಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ನಮ್ಮಣ್ಣ ಟ್ರೇಲರ್ ತಗೋ ಅಂದ. ಜೊತೆಗೆ ಹುಟ್ಟು ಹಾಕುವ ಗೆಳತಿಯರು ಗಾಳಿ ತುಂಬುವ ಕಯಾಕ್ ತಗೊಂಡು ಡಿಕ್ಕಿಯಲ್ಲಿ ಹಾಕ್ಕೋ ಅಂದರು. ಕಳೆದ ಡಿಸೆಂಬರ್‌ನಲ್ಲಿ ನಾನು, ಮಗಳು ಎರಡೂ ಕಯಾಕ್ ಹೇರಿಕೊಂಡು ಬೆಂಗಳೂರಿಂದ ಲಿಂಗನಮಕ್ಕಿ ಹಿನ್ನೀರಿನ ದಡದ ಹೊನ್ನೆಮರಡಿಗೆ ಹೋಗಿ ಬಂದೆವು. ಹೋಗ್ತಾ ಸುಮಾರು 380 ಕಿಲೋಮೀಟರ್, ಬರ್ತಾ ಅಷ್ಟೇ. ಒಂದು ಬೆಲ್ಟೂ ಸಡಿಲ ಆಗಲಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಹಳೇ ಆಲ್ಟೊ. ಮೇಲೆ ಸಾಮಾನು ಕಟ್ಟುವ ರೇಲ್ ಇಲ್ಲ. ಓಮ್ನಿಗೆ ಇರುವಂಥ ಮಳೆನೀರು ಹರಿಯುವ ಗಟರ್ ಅಂಚೂ ಇಲ್ಲ. ಕಾರಿನ ಮೇಲೆ ಅಡ್ಡಕ್ಕೆ ಹಾಕುವ ಕಂಬಿ, ಅಂದರೆ ಕ್ರಾಸ್ ಬಾರ್, ಬಾಗಿಲ ಚೌಕಟ್ಟನ್ನೇ ಕಚ್ಚಿಕೊಂಡು ನಿಲ್ಲಬೇಕು. ಎರಡು ಬಾರ್ ನಡುವೆ ಹೆಚ್ಚೆಂದರೆ 70 ಸೆಂ.ಮೀ. ಸಿಗುತ್ತದೆ. ಬಾರ್ ಮೇಲೆ ಅಡ್ಡಕ್ಕೆ ಸಿಗುವುದು ಒಂದು ಮೀಟರ್ ಚಿಲ್ಲರೆ. ನನ್ನ ಕಯಾಕ್ 10 ಅಡಿ ಉದ್ದ, 74 ಸೆಂ.ಮೀ. ಅಗಲ, 21 ಕೆಜಿ. ಮಗಳದ್ದು 9 ಅಡಿ, 17 ಕೆಜಿ ಇರಬೇಕು. ಎರಡನ್ನೂ ಪಕ್ಕಪಕ್ಕ ಮಲಗಿಸಿದರೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ಬೇಕು. ಕಾರಿನ ಅಗಲವೇ ಅಷ್ಟು!

ಮೊದಲು ಅಗ್ಗದ ದಾರಿ ಹಿಡಿದೆ. ಫೋಮ್ ಬ್ಲಾಕ್ ಇಟ್ಟು, ಬಾಗಿಲ ಒಳಗಿಂದ ಹಗ್ಗ ತಂದು ಒಂದೇ ಕಯಾಕ್ ಕಟ್ಟಿದೆ. ಖರ್ಚು 1,200 ರೂಪಾಯಿ. ನೈಸ್ ರಸ್ತೆಯಲ್ಲಿ ಒಂದು ಲಾರಿ ಪಕ್ಕದಲ್ಲಿ ದಾಟಿದ ರಭಸಕ್ಕೆ ಕಯಾಕ್ ಗಡಿಯಾರದ ಮುಳ್ಳಿನ ಹಾಗೆ ಒಂದು ಪಕ್ಕಕ್ಕೆ ತಿರುಗಿತು. ಕೈಕಾಲು ನಡುಗಿತು. ಸಾಲದ್ದಕ್ಕೆ ಮಳೆ ಬಂತು. ನೀರು ಹಗ್ಗ ಹಿಡಿದು ಇಳಿದು ಸೀಟೆಲ್ಲ ಒದ್ದೆ.

ಆಮೇಲೆ ಆನ್‌ಲೈನ್‌ನಲ್ಲಿ ಜೆ ಆಕಾರದ ರ್‍ಯಾಕ್ ಎರಡು ಜೊತೆ ತರಿಸಿದೆ, 9,500. ಜೆ ರ್‍ಯಾಕ್ ಒಳ್ಳೆಯದೇ. ಆದರೆ ಕಯಾಕ್ ಅದರಲ್ಲಿ ಓರೆಯಾಗಿ ಮಲಗುತ್ತದೆ, ಪೂರ್ತಿ ನಿಲ್ಲಲ್ಲ. ಒಂದೊಂದಕ್ಕೂ 55 ಸೆಂ.ಮೀ. ಬೇಕಾಯಿತು. ಎರಡನೆಯದು ಕಾರಿನ ಪಕ್ಕಕ್ಕೆ ಚಾಚಿಕೊಂಡಿತು. ಅರ್ಧ ಬೆಲೆಗೆ ಮಾರಿದೆ. ಒಂದೇ ಕಯಾಕ್ ಇರುವವರು ಸುಮ್ನೆ ಜೆ ತಗೊಳ್ಳಿ, ಮುಂದೆ ಓದುವುದೇ ಬೇಡ.

ಮೂರನೆಯದು ನನಗೆ ಜಾಸ್ತಿ ನೋವು ಕೊಟ್ಟದ್ದು. ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕ ಪೈಪಿನಲ್ಲಿ ಪೂರ್ತಿ ಫ್ರೇಮ್ ಮಾಡಿಸಿದೆ. ಗಟ್ಟಿ ಅಂದರೆ ಗಟ್ಟಿ. ತೂಗಿ ನೋಡಿದರೆ 19 ಕೆಜಿ! ಕಾರಿನ ಮೇಲೆ ಒಟ್ಟು 50 ಕೆಜಿ ದಾಟಬಾರದು ಅಂತ ನನ್ನದೇ ಲೆಕ್ಕ ಇತ್ತು. ಕಯಾಕ್ ಎರಡೂ ಸೇರಿದರೆ 57 ಆಯಿತು. ಆದರೂ ಆಸೆ ಬಿಡದೆ ಹೇರಿದೆ. ಫ್ರೇಮಿನ ಕಾಲು ಕೂತ ಕಡೆ ಕಾರಿನ ಮೇಲಿನ ತಗಡು ತಗ್ಗಿತು. ಟಿಂಕರಿಂಗ್‌ಗೆ 3,500 ಹೋಯಿತು. ಫ್ರೇಮಿಗೆ ಕೊಟ್ಟ 4,000 ಬೇರೆ.

ದಾರಿ ಹೊಳೆದದ್ದು ಮನೆಯ ಪ್ಯಾಸೇಜಿನಲ್ಲಿ. ಜಾಗ ಇಲ್ಲ ಅಂತ ಕಯಾಕ್‌ಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಿದ್ದೆ. ಟೇಪ್ ಹಿಡಿದೆ. ಹಾಗೆ ನಿಂತಾಗ ಒಂದು ಕಯಾಕ್ ತಿನ್ನುವ ಜಾಗ 34 ಸೆಂ.ಮೀ. ಮಾತ್ರ. ಎರಡಕ್ಕೆ 68, ನಡುವೆ ಅವನ್ನು ಒರಗಿಸುವ ಕಂಬಕ್ಕೆ ಐದು. ಒಂದು ಮೀಟರಿನ ಬಾರ್‌ನಲ್ಲಿ ಆರಾಮಾಗಿ ಕೂರುತ್ತದೆ. ಇಂಥ ಕಂಬ ಸ್ಟ್ಯಾಕರ್ ಅಂತ ರೆಡಿಮೇಡ್ ಸಿಗುತ್ತದೆ. ಬೆಲೆ ಕೇಳಿ ನಾನೇ ಮಾಡಿಸಿದೆ.

ಈ ಸಲ ಅಲ್ಯೂಮಿನಿಯಂ. ಅದಕ್ಕೆ ಆರ್ಗಾನ್ ವೆಲ್ಡಿಂಗ್ ಬೇಕು, ಬೀದಿ ಬದಿಯ ಅಂಗಡಿಯಲ್ಲಿ ಆಗಲ್ಲ. ಪೀಣ್ಯದಲ್ಲಿ ಮೂರು ಶೆಡ್ ಸುತ್ತಿದೆ. ಇಷ್ಟು ಸಣ್ಣ ಕೆಲಸ ಬೇಡ ಅಂತ ಇಬ್ಬರು ಕಳಿಸಿಬಿಟ್ಟರು. ಮೂರನೆಯವರು ನನ್ನ ಚಿತ್ರ ನೋಡಿ, ‘ಅಕ್ಕಾ, ಇದೇನು ಆಂಟೆನಾನಾ?’ ಅಂದರು. ಆದರೆ ಬೆಸುಗೆ ಮಾತ್ರ ಹೂವಿನ ಹಾಗೆ ಹಾಕಿಕೊಟ್ಟರು. ಪೈಪು 1,400, ಕೂಲಿ 900, ಸ್ಟೀಲ್ ಬೋಲ್ಟು 350. ಮೆತ್ತೆಗೆ ಏಸಿ ಪೈಪಿನ ಕಪ್ಪು ರಬ್ಬರ್ ಕವಚ, 250ರ ಹತ್ತಿರ. ಸೆಕೆಂಡ್ ಹ್ಯಾಂಡ್ ಕ್ರಾಸ್ ಬಾರ್ 6,000. ಎಲ್ಲಾ ಸೇರಿ 9,000ದ ಒಳಗೆ. ಬಾರೂ ಕಂಬವೂ ಸೇರಿ ತೂಕ 8 ಕೆಜಿ. ಕಯಾಕ್ ಜೊತೆ 46.

ಕಂಬದ ಬುಡದಲ್ಲಿ ಒಂದು ಸಣ್ಣ ತುಂಡು ಬೆಸೆಸಿದ್ದೇನೆ, ಕಯಾಕಿನ ಅಂಚು ಹೊರಕ್ಕೆ ಜಾರದ ಹಾಗೆ. ಅದರ ಆಕಾರ ಮೂರು ಸಲ ಕೆಟ್ಟ ಮೇಲೆ ಸಿಕ್ಕಿದ್ದು. ಅದನ್ನು ಇಲ್ಲಿ ಬರೆಯಲ್ಲ. ಎದುರಿಗೆ ಸಿಕ್ಕರೆ ಖಂಡಿತ ತೋರಿಸುತ್ತೇನೆ.

ಬೆಲ್ಟಿನ ವಿಷಯ ಮಾತ್ರ ಪೂರ್ತಿ ಹೇಳುತ್ತೇನೆ. ಹಿಡಿಕೆ ಆಡಿಸಿ ಬಿಗಿಮಾಡುವ ರ್‍ಯಾಚೆಟ್ ಬೇಡವೇ ಬೇಡ. ಬಿಗಿ ಆಗ್ತಿದೆ ಅನ್ನುವ ಖುಷಿಯಲ್ಲಿ ಎಳೆದು ಎಳೆದು ಮಗಳ ಕಯಾಕಿನ ಹೊಟ್ಟೆಗೆ ಕುಳಿ ಬೀಳಿಸಿದೆ. ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲಿಟ್ಟು, ಮೇಲೆ ಬಿಸಿನೀರು ಹುಯ್ದು, ಒಳಗಿಂದ ಒತ್ತಿದೆ. ಎದ್ದು ಬಂತು. ಈಗ ಕ್ಯಾಮ್ ಬಕಲ್ ಮಾತ್ರ, ಕೈಯಲ್ಲಿ ಎಳೆದಷ್ಟೇ ಬಿಗಿ.

ನೈಲಾನ್ ಬೆಲ್ಟೋ ಪಾಲಿಯೆಸ್ಟರೋ ಅಂತ ಒಂದು ಪರೀಕ್ಷೆ ಮಾಡಿದೆ. ಎರಡಕ್ಕೂ ಒಂದೊಂದು 20 ಲೀಟರ್ ನೀರಿನ ಕ್ಯಾನ್ ತೂಗುಹಾಕಿ, ಬೆಲ್ಟ್ ನೆನೆಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೈಲಾನ್ ಬೆರಳಗಲ ಇಳಿದಿತ್ತು. ಪಾಲಿಯೆಸ್ಟರ್ ಇದ್ದ ಹಾಗೇ ಇತ್ತು. ಮಳೆಯಲ್ಲಿ ಬೆಲ್ಟ್ ಯಾಕೆ ಸಡಿಲ ಆಗುತ್ತಿತ್ತು ಅಂತ ಅವತ್ತು ಗೊತ್ತಾಯಿತು. ಇನ್ನು ಬೆಲ್ಟ್ ಗಾಳಿಗೆ ಗುಂಯ್ ಅನ್ನುತ್ತದಲ್ವಾ, ಕಟ್ಟುವಾಗ ಒಂದೆರಡು ಸುತ್ತು ತಿರುಚಿ, ನಿಲ್ಲುತ್ತದೆ.

ಕಯಾಕಿನ ಮೂತಿಗೂ ಬಾಲಕ್ಕೂ ಹಗ್ಗ ಕಟ್ಟಲೇಬೇಕು. ಬಾರ್‌ಗಳ ನಡುವೆ ಜಾಗ ಕಡಿಮೆ ಇರುವ ನಮ್ಮಂಥವರಿಗೆ ಅದೇ ಪ್ರಾಣ. ಮುಂದೆ ಬಾನೆಟ್ ಒಳಗಿನ ಬೋಲ್ಟಿಗೆ ಬೆಲ್ಟಿನ ಕುಣಿಕೆ ಸಿಕ್ಕಿಸಿದ್ದೇನೆ. ಹಿಂದೆ ಟೋ ಹುಕ್, ಅಂದರೆ ಕಾರು ಕೆಟ್ಟರೆ ಎಳೆಯುವ ಕೊಕ್ಕೆ.

ತೊಂದರೆಯೂ ಇದೆ. ಎತ್ತರ ಹತ್ತಿರ ಹತ್ತಿರ 2.35 ಮೀಟರ್ ಆಗುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ 2.1. ಹಾಗಾಗಿ ಹೇರುವುದು ಇಳಿಸುವುದು ಎಲ್ಲಾ ರಸ್ತೆಯಲ್ಲೇ, ಬೆಳಿಗ್ಗೆ ಐದಕ್ಕೆ. ಸ್ಟೇರಿಂಗ್ ಪಕ್ಕದಲ್ಲಿ ‘2.4’ ಅಂತ ಚೀಟಿ ಅಂಟಿಸಿದ್ದೇನೆ. ಅಂಡರ್‌ಪಾಸ್ ಕಂಡರೆ ಮೊದಲು ಅದನ್ನು ನೋಡುತ್ತೇನೆ. ಮೈಲೇಜ್ 20ರಿಂದ 15ಕ್ಕೆ ಇಳಿಯಿತು. 70ರ ಮೇಲೆ ಓಡಿಸಲ್ಲ.

ಹೊನ್ನೆಮರಡಿನ ದಾರಿಯಲ್ಲಿ ನನಗೆ ಭಯ ಇದ್ದದ್ದು ಅರಸೀಕೆರೆ, ಕಡೂರಿನ ಬಯಲಿನಲ್ಲಿ. ಅಲ್ಲಿ ಗಾಳಿ ಅಡ್ಡಕ್ಕೆ ಹೊಡೆಯುತ್ತದೆ. ನಿಂತ ಕಯಾಕ್ ಹಾಯಿ ಇದ್ದ ಹಾಗೆ ಅಲ್ವಾ? ಕಾರು ಸ್ವಲ್ಪ ಎಳೆಯಿತು, ಕಂಬ ಅಲುಗಲಿಲ್ಲ. ತರೀಕೆರೆಯಲ್ಲಿ ಕಾಫಿಗೆ ಇಳಿದಾಗ ಮಗಳು ಪ್ರತಿ ಬಕಲ್ ಮುಟ್ಟಿ ನೋಡಿ, ‘ಅಮ್ಮಾ, ಕಟ್ಟಿದ ಹಾಗೇ ಇದೆ’ ಅಂದಳು. ಸಂಜೆ ನಾಲ್ಕಕ್ಕೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಎರಡೂ ಕಯಾಕ್ ಇಳಿಸಿದೆವು.

ಅಣ್ಣ ಈಗ ತನ್ನ ವ್ಯಾಗನ್‌ಆರ್‌ಗೆ ಅಳತೆ ಕೇಳಿದ್ದಾನೆ. ಭಾನುವಾರ ಟೇಪ್ ಹಿಡಿದು ಹೋಗುತ್ತಿದ್ದೇನೆ.